ಇಸ್ತ್ರಿ ಬಯ್ಯೂಮಿಯ ಆಸ್ತಿಪಾಸ್ತಿ

ಅಲೆಕ್ಸಾಂಡ್ರಿಯಾದಲ್ಲಿ ಆರು ಟವರುಗಳಿಗೆ ಮಾಲೀಕರಾದವರು ಬೆರಳೆಣಿಕೆಯಷ್ಟು ಮಂದಿ. ಅವರಲ್ಲಿ ಒಂಟಿ ಕಾಲಿನ ಮೇಲೆ ನಿಂತು ಹೊಟ್ಟೆ ಹೊರೆಯುತ್ತಿದ್ದವನು ಬಯ್ಯೂಮಿ ಒಬ್ಬನೇ.

ಅವನದು ಇಸ್ತ್ರಿ ಅಂಗಡಿ. ಅಂಗಡಿ ಎನ್ನುವುದು ಮರ್ಯಾದೆಯ ಮಾತು. ಇಬ್ರಾಹಿಮಿಯಾದಲ್ಲಿ ಟ್ರಾಮ್ ಹಳಿಯ ಹಿಂದಿನ ಬೀದಿಯಲ್ಲಿ ನಾಲ್ಕು ಮಹಡಿಯ ಒಂದು ಹಳೆಯ ಮನೆ. ಬಾಗಿಲ ನೆತ್ತಿಯಲ್ಲಿ 1927 ಎಂದು ಕೆತ್ತಿದೆ, ಎರಡು ಸಿಂಹದ ತಲೆಗಳಿವೆ, ಒಂದಕ್ಕೆ ಮೂಗಿಲ್ಲ. ಆ ಮನೆಯ ಅಮೃತಶಿಲೆಯ ಮೆಟ್ಟಿಲ ಕೆಳಗಿನ ಸಂದಿಯೇ ಬಯ್ಯೂಮಿಯ ಅಂಗಡಿ. ಷರಟು, ಪ್ಯಾಂಟುಗಳಿಗೆ ಕೈ ಇಸ್ತ್ರಿ. ಉದ್ದ ಜುಬ್ಬಾ, ಹೊದಿಕೆ, ಪರದೆಗಳಿಗೆ ಕಾಲಿಸ್ತ್ರಿ. ಮೊಣಕಾಲೆತ್ತರದ ಮಣೆಯ ಮೇಲೆ ಬಟ್ಟೆ ಹಾಸಿ, ಎಡಗಾಲಿನ ಮೇಲೆ ನಿಂತು, ಬಲಗಾಲನ್ನು ಕಾದ ಕಬ್ಬಿಣದ ಮೇಲಿನ ಮರದ ಹಲಗೆಗೆ ಒತ್ತಿ, ಉದ್ದನೆಯ ಹಿಡಿ ಹಿಡಿದು ಅತ್ತಿತ್ತ ನೂಕಬೇಕು. ಅವನ ಅಪ್ಪ ಹಾಗೆ ಮಾಡುತ್ತಿದ್ದ, ಇವನೂ ಮೂವತ್ತೊಂದು ವರ್ಷದಿಂದ ಹಾಗೇ ಮಾಡುತ್ತಿದ್ದ. ನೀರು ಚಿಮುಕಿಸಲು ಪ್ಲಾಸ್ಟಿಕ್ ಬಾಟಲಿ ಬಂದು ಎಷ್ಟೋ ಕಾಲವಾಗಿದ್ದರೂ ಬಯ್ಯೂಮಿಗೆ ಅದರಲ್ಲಿ ನಂಬಿಕೆಯಿರಲಿಲ್ಲ. ಬಾಯಿ ತುಂಬ ನೀರು ತುಂಬಿ, ಕೆನ್ನೆ ಉಬ್ಬಿಸಿ, ಬಟ್ಟೆಯ ಮೇಲೆ ಫುರ್ ಎಂದು ಊದುತ್ತಿದ್ದ. ಹೊಸ ಗಿರಾಕಿಗಳು ಮುಖ ಸಿಂಡರಿಸುತ್ತಿದ್ದರು. ಹಳಬರು ಮಾತ್ರ, ಬಯ್ಯೂಮಿ ಉಗುಳಿದ ಷರಟು ವಾರ ಕಳೆದರೂ ಸುಕ್ಕಾಗುವುದಿಲ್ಲ ಎಂದು ಸರ್ಟಿಫಿಕೇಟು ಕೊಡುತ್ತಿದ್ದರು.

ಮೆಟ್ಟಿಲುಗಳ ನಡುವೆ ಊರಲ್ಲಿ ಗ್ರೀಕ್ ವ್ಯಾಪಾರಿಗಳಿದ್ದ ಕಾಲದ ಲಿಫ್ಟಿನ ಕಬ್ಬಿಣದ ಪಂಜರವೊಂದಿತ್ತು. ಯಾವ ಕಾಲದಲ್ಲೋ ಕೆಳಗಿಳಿದದ್ದು ಮತ್ತೆ ಮೇಲೆ ಹೋಗುವ ಮನಸ್ಸು ಮಾಡಿರಲಿಲ್ಲ. ಇಸ್ತ್ರಿಯಾದ ಷರಟುಗಳನ್ನು ಬಯ್ಯೂಮಿ ಅದರ ಸರಳುಗಳಿಗೆ ನೇತುಹಾಕುತ್ತಿದ್ದ. ಬೀದಿಯಿಂದ ನೋಡಿದವರಿಗೆ ಎಂಟು ಹತ್ತು ಮಂದಿ ಸಭ್ಯಸ್ಥರು ಲಿಫ್ಟಿಗೆ ಕಾಯುತ್ತಿರುವ ಹಾಗೆ ಕಾಣುತ್ತಿತ್ತು.

ಇಂಥವನು ಟವರುಗಳ ಮಾಲೀಕನಾದದ್ದು ಹೇಗೆಂದರೆ, ಹಾಜಿ ಮತ್ವಲ್ಲಿಯ ಜುಬ್ಬಾಗಳೂ ಇಲ್ಲಿಗೇ ಇಸ್ತ್ರಿಗೆ ಬರುತ್ತಿದ್ದವು. ಹಾಜಿ ಕಟ್ಟಡದ ಗುತ್ತಿಗೆದಾರ. ಹಳೆಯ ಬಂಗಲೆಗಳನ್ನು ಕೊಂಡು ಕೆಡವುವುದು, ಐದು ಮಹಡಿಗೆ ಪರವಾನಗಿ ತೆಗೆದು ಹದಿನಾಲ್ಕು ಕಟ್ಟುವುದು ಅವನ ಕಸುಬು. ಮಿಕ್ಕ ಒಂಬತ್ತು ಮಹಡಿಗೆ ಸರ್ಕಾರ ಕೇಸು ಹಾಕುತ್ತದಲ್ಲ, ಅದು ಕಾಗದದಲ್ಲಿರುವ ಮಾಲೀಕನ ಮೇಲೆ. ಹಾಗಾಗಿ ಕಾಗದದಲ್ಲಿ ಒಬ್ಬ ಬಡಪಾಯಿ ಇರುವುದು ಎಲ್ಲರ ಆರೋಗ್ಯಕ್ಕೂ ಒಳ್ಳೆಯದು. ಇಂಥವನಿಗೆ ಈ ಊರಲ್ಲಿ ಕಾಹೂಲ್ ಎನ್ನುತ್ತಾರೆ. ಬೇನಾಮಿಗಿಂತ ಒಂದು ಮೆಟ್ಟಿಲು ಕೆಳಗಿನ ಹುದ್ದೆ: ಬೇನಾಮಿ ಆಸ್ತಿ ಬಚ್ಚಿಡಲು ಹೆಸರು ಕೊಡುತ್ತಾನೆ, ಕಾಹೂಲ್ ಜೈಲಿಗೆ ಹೋಗಲು ಹೆಸರು ಕೊಡುತ್ತಾನೆ.

ಹಾಜಿ ಬಹಳ ಲೆಕ್ಕಾಚಾರದ ಮನುಷ್ಯ. ಬಯ್ಯೂಮಿಯ ಕೆನ್ನೆ ಉಬ್ಬಿದೆ ಎಂದು ಖಾತ್ರಿಯಾದ ಮೇಲೆಯೇ ಒಳಗೆ ಬರುತ್ತಿದ್ದ.

"ಉಸ್ತಾದ್ ಬಯ್ಯೂಮಿ, ಇಲ್ಲೊಂದು ಸಹಿ ಹಾಕ್ಬಿಡು. ಏನೂ ಇಲ್ಲ, ಹೋದ್ಸಲದ್ದೇ ಥರ. ಆಗುತ್ತೆ ತಾನೆ?"

ಬಾಯಲ್ಲಿ ನೀರಿದ್ದವನು ಹೌದೆನ್ನಲಾರ, ಇಲ್ಲವೆನ್ನಲಾರ. ಉಗುಳಿದರೆ ಹಾಜಿಯ ಮೇಲೆ ಬೀಳುತ್ತದೆ, ನುಂಗಿದರೆ ಕೆಲಸ ಕೆಡುತ್ತದೆ. ತಲೆಯಾಡಿಸುತ್ತಿದ್ದ. ಸಹಿ ಹಾಕುತ್ತಿದ್ದ. ಒಂದು ಲಕೋಟೆ, ಎರಡು ಕಿಲೋ ಮಾಂಸ ಮನೆಗೆ ಬರುತ್ತಿತ್ತು. ಓದಲು ಬಾರದವನೇನಲ್ಲ, ನಾಲ್ಕನೇ ತರಗತಿಯವರೆಗೆ ಹೋಗಿದ್ದ. ಕನ್ನಡಕವಿಲ್ಲ ಎಂಬುದು ಮೊದಲ ಮೂರು ಟವರುಗಳವರೆಗಿನ ನೆಪ. ಆಮೇಲೆ ಕನ್ನಡಕ ಬಂತು, ಅದು ಇಸ್ತ್ರಿಯ ಹಬೆಗೆ ಮಬ್ಬಾಗುತ್ತದೆ ಎಂಬುದು ಮುಂದಿನ ಮೂರಕ್ಕೆ. ಓದದಿದ್ದರೇನಂತೆ, ಸಹಿ ಮಾತ್ರ ಭರ್ಜರಿಯಾಗಿತ್ತು. ಕೊನೆಯ ಅಕ್ಷರದ ಬಾಲವನ್ನು ಹಿಂದಕ್ಕೆ ಎಳೆದು, ಇಡೀ ಹೆಸರಿನ ಕೆಳಗೆ ಗೆರೆ ಹೊಡೆದು, ಎರಡು ಚುಕ್ಕೆ ಇಡುತ್ತಿದ್ದ. ಕೋರ್ಟಿಗೆ ಕರೆ ಬಂದರೆ ಯಾವುದೋ ಗಿರಾಕಿಯ ಒಳ್ಳೆಯ ಷರಟು ಹಾಕಿಕೊಂಡು ಹೋಗುತ್ತಿದ್ದ. ಹಾಜಿಯ ವಕೀಲ ಶುಕ್ರಿ ಪಕ್ಕದಲ್ಲಿ ನಿಂತು ಏನೋ ಅಪೀಲು ಎನ್ನುತ್ತಿದ್ದ, ಕೇಸು ಮುಂದಕ್ಕೆ ಹೋಗುತ್ತಿತ್ತು. ಬಯ್ಯೂಮಿ ವಾಪಸು ಬಂದು ಷರಟಿಗೆ ಮತ್ತೆ ಇಸ್ತ್ರಿ ಹಾಕಿ ಪಂಜರಕ್ಕೆ ತೂಗುತ್ತಿದ್ದ.

ಅವನ ಹೆಂಡತಿ ವದೀದಾ. ಆ ಮನೆಯ ತಾರಸಿಯ ಕೋಣೆಯಲ್ಲಿ ಇಬ್ಬರೂ ಇದ್ದರು. ಆಕೆಗೆ ಗಂಡನ ಮೇಲೆ ಪ್ರೀತಿ ಇತ್ತು, ಆದರೆ ಅದನ್ನು ಆಕೆ ಬಾಯಿಬಿಟ್ಟು ತೋರಿಸಿದ್ದು ಯಾವಾಗಲೂ ಮೂದಲಿಕೆಯ ರೂಪದಲ್ಲಿಯೇ. ಮೊದಲ ಟವರಿನ ದಿನದಿಂದ ಅವನನ್ನು 'ಪಾಶಾ' ಎಂದೇ ಕರೆಯುತ್ತಿದ್ದಳು. ತಾರಸಿಯಿಂದ ಹಿಂದೆ ಇಡೀ ಸಮುದ್ರ ಕಾಣುತ್ತಿತ್ತು. ಒಗೆದು ಹರವಿದ ಬಟ್ಟೆ ಕಡಲ ಗಾಳಿಗೆ ಒಂದು ತಾಸಿನಲ್ಲಿ ಒಣಗುತ್ತಿತ್ತು. ಒಂದೊಂದೇ ಟವರು ಎದ್ದ ಹಾಗೆ ಸಮುದ್ರ ಮೊಳ, ಗೇಣು, ಕೊನೆಗೆ ಅಂಗೈ ಅಗಲವಾಯಿತು. ಬಟ್ಟೆ ಒಣಗಲು ಬೆಳಗಿನಿಂದ ಸಂಜೆಯಾಗುತ್ತಿತ್ತು.

"ಪಾಶಾ, ಆ ಎದುರುಗಡೆ ಗೋಡೆ ನಿಮ್ದೇ ತಾನೆ?" ಎಂದು ಆಕೆ ಹಗ್ಗದ ಬಳಿಯಿಂದ ಕೂಗುತ್ತಿದ್ದಳು. "ಸ್ವಲ್ಪ ಆ ಕಡೆ ಸರಿಸ್ರೀ. ಹೊದಿಕೆ ಒಣಗ್ಬೇಕು."

"ಕಾಗದದಲ್ಲಿ ನಂದು ಕಣೇ."

"ಹಾಗಾದ್ರೆ ಹೊದಿಕೇನೂ ಕಾಗದದಲ್ಲೇ ಒಣಗ್ಲಿ."

ಶುಕ್ರವಾರ ನಮಾಜು ಮುಗಿದ ಮೇಲೆ ಬಯ್ಯೂಮಿ ಅವಳನ್ನು ಟ್ರಾಮಿನಲ್ಲಿ ಕೂರಿಸಿಕೊಂಡು ಆಸ್ತಿ ತೋರಿಸಲು ಹೋಗುತ್ತಿದ್ದ. ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಎಂದರೆ ಇದೇ. ಸುಟ್ಟ ಗೆಣಸು ತಿನ್ನುತ್ತ, ಕಿಟಕಿಯಿಂದ ಬೆರಳು ತೋರಿಸುತ್ತ, ಇದು ಎರಡನೇದು, ಅದು ಐದನೇದು, ನೀಲಿ ಗಾಜಿನದು ನನ್ನ ನಾಲ್ಕನೇದು ಎಂದು ಹೇಳುತ್ತಿದ್ದ. ಒಂದು ಶುಕ್ರವಾರ ಆಕೆ ಹಟ ಹಿಡಿದು ಮೂರನೆಯ ಟವರಿನ ಮುಂದೆ ಇಳಿದಳು. ನನ್ನ ಗಂಡನ ಲಿಫ್ಟಿನಲ್ಲಿ ಒಮ್ಮೆ ಮೇಲೆ ಹೋಗಿ ಬರಬೇಕು ಎಂದಳು. ಬಾಗಿಲು ಕಾಯುವ ಖಲಫ್ ಬೆಂಚಿನಿಂದ ಏಳಲಿಲ್ಲ.

"ಯಾರ ಮನೆಗೆ?"

"ಯಾರ ಮನೆಗೂ ಅಲ್ಲ," ಎಂದ ಬಯ್ಯೂಮಿ, ಎದೆಯುಬ್ಬಿಸಿ. "ನಾನು ಮಾಲೀಕ."

ಖಲಫ್ ಅವನ ಚಪ್ಪಲಿಯಿಂದ ಹಿಡಿದು ಟೋಪಿಯವರೆಗೆ ನಿಧಾನವಾಗಿ ನೋಡಿದ. "ಹಂಗಾ? ನಾನು ಈ ಸಮುದ್ರದ ಮಾಲೀಕ. ಹೋಗು ಚಿಕ್ಕಪ್ಪಾ, ಬಿಸಿಲು ಜಾಸ್ತಿ ಆಗಿದೆ."

ವದೀದಾ ಟ್ರಾಮಿನಲ್ಲಿ ಮನೆಯವರೆಗೂ ನಕ್ಕಳು. ಇಳಿಯುವಾಗ ಅವನ ಮುಖ ನೋಡಿ ಪಾಪ ಎನಿಸಿತೋ ಏನೋ, ತೋಳು ಹಿಡಿದುಕೊಂಡಳು. "ಬೇಜಾರಾಗ್ಬೇಡಿ. ಮಾಲೀಕ ಅಂದ್ರೆ ಯಾರು ಹೇಳ್ಲಾ? ಮಳೆ ಬಂದು ಸೂರು ಸೋರಿದಾಗ ಜನ ಯಾರಿಗೆ ಬೈತಾರೋ ಅವ್ನು. ನಿಮ್ಗೆ ಯಾರಾದ್ರೂ ಬೈದಿದಾರಾ? ಇಲ್ವಲ್ಲ. ಮತ್ತೆ?"

ಈ ಮಾತು ಅವನ ತಲೆಯಲ್ಲಿ ಕೂತುಬಿಟ್ಟಿತು. ಅದಾಗಿ ತಿಂಗಳೊಳಗೆ, ಮೂರನೆಯ ಟವರಿನ ಹನ್ನೆರಡನೇ ಮಹಡಿಯ ಒಬ್ಬ ಹೆಂಗಸು ಕೋರ್ಟಿನ ಕಾಗದದಲ್ಲಿ ಅವನ ಹೆಸರು ಹುಡುಕಿಕೊಂಡು ಬಂದಳು. ಒಂದು ಕೈಯಲ್ಲಿ ಕಾಗದ, ಇನ್ನೊಂದು ಕೈಯಲ್ಲಿ ಖಾಲಿ ಬಕೆಟು. ಬಂದವಳೇ ಶುರುಮಾಡಿದಳು: ನೀರು ಹತ್ತುವುದಿಲ್ಲ, ಪಂಪು ಕೆಟ್ಟಿದೆ, ಲಿಫ್ಟು ಏಳರಲ್ಲಿ ನಿಂತು ಆರು ದಿನವಾಯಿತು, ಮಾಲೀಕ ಎನಿಸಿಕೊಂಡವನು ಇಲ್ಲಿ ತಣ್ಣಗೆ ಬಟ್ಟೆ ತೀಡುತ್ತ ನಿಂತಿದ್ದಾನೆ, ಮಾನ ಇಲ್ಲವೇ? ಬಯ್ಯೂಮಿ ಬಾಯಿಯ ನೀರನ್ನು ನುಂಗಿದ. ಇಷ್ಟು ವರ್ಷದಲ್ಲಿ ಅವನನ್ನು ಮಾಲೀಕನೆಂದು ಯಾರಾದರೂ ಬೈದದ್ದು ಇದೇ ಮೊದಲು. ಅವನಿಗೆ ನಾಚಿಕೆಯೂ ಆಯಿತು, ಹೇಳಿಕೊಳ್ಳಲಾಗದ ಒಂದು ಸುಖವೂ ಆಯಿತು. ಆಕೆಯ ಬಕೆಟು ತೆಗೆದುಕೊಂಡು, ಅಂಗಡಿಗೆ ಪರದೆ ಎಳೆದು, ಆಕೆಯ ಹಿಂದೆಯೇ ಹೊರಟ. ಆಕೆ ಜೊತೆಗಿದ್ದದ್ದರಿಂದ ಖಲಫ್ ಈ ಸಲ ಬಿಟ್ಟ.

ಅವತ್ತು ಹನ್ನೆರಡು ಮಹಡಿಗೆ ಬಯ್ಯೂಮಿ ನಾಲ್ಕು ಬಕೆಟು ನೀರು ಹೊತ್ತ. ಆಮೇಲೆ ವಾರಕ್ಕೊಂದು ಸಲ ಹೋಗತೊಡಗಿದ. ನಲ್ಲಿ ಬಿಗಿ ಮಾಡುವುದು, ಪಂಪಿನವನನ್ನು ಕರೆತರುವುದು, ಬೈಸಿಕೊಳ್ಳುವುದು. ಹಾಗೆ ಹೋಗಿ ಬಂದು ಮಾಡುವಾಗಲೇ ಅವನು ತನ್ನ ಆಸ್ತಿಯನ್ನು ಒಳಗಿನಿಂದ ಕಂಡದ್ದು. ಎಂಟನೇ ಮಹಡಿಯ ಮೆಟ್ಟಿಲ ಪಕ್ಕದ ಬಿರುಕಿನಲ್ಲಿ ಅವನ ನಾಲ್ಕು ಬೆರಳು ಸಲೀಸಾಗಿ ಹೋಗುತ್ತಿದ್ದವು. ಹನ್ನೆರಡನೆಯದರಲ್ಲಿ ಆ ಹೆಂಗಸು ಊಟದ ಮೇಜಿನ ಮೇಲೆ ಕಿತ್ತಳೆ ಇಟ್ಟು ತೋರಿಸಿದಳು. ಅದು ಯಾರೂ ಮುಟ್ಟದೆ ಉರುಳಿ, ಬಿದ್ದು, ಬಾಲ್ಕನಿಯವರೆಗೆ ಹೋಯಿತು. ಬಯ್ಯೂಮಿ ಹೆದರಿ ಹಾಜಿಯ ಬಳಿ ಓಡಿದ.

ಹಾಜಿ ಹೊಟ್ಟೆ ಹಿಡಿದು ನಕ್ಕ. "ಕಿತ್ತಳೇನ ಬಟ್ಟಲಲ್ಲಿ ಇಡೋಕೆ ಹೇಳಯ್ಯಾ."

ಇಷ್ಟಾದರೂ ರಂಜಾನ್ ಹಬ್ಬದ ಮುಂಚಿನ ವಾರ ಏಳನೆಯ ಸಹಿ ಬಿತ್ತು. ಆ ವಾರ ಇಸ್ತ್ರಿಯವರಿಗೆ ಉಸಿರಾಡಲು ಪುರುಸೊತ್ತಿರುವುದಿಲ್ಲ. ಊರಿಗೆ ಊರೇ ಹೊಸ ಬಟ್ಟೆ ತಂದು ಸುರಿಯುತ್ತದೆ. ಬೆಳಗಿನಿಂದ ಕುಡಿಯುವಂತಿಲ್ಲ, ಆದರೆ ಬಾಯಿ ತುಂಬ ನೀರು ತುಂಬಿ ಊದಬೇಕು. ಉಪವಾಸದಲ್ಲಿ ಇದಕ್ಕಿಂತ ದೊಡ್ಡ ಪರೀಕ್ಷೆ ಇಲ್ಲ. ಒಂದು ತೊಟ್ಟು ಒಳಗೆ ಹೋದರೆ ದಿನದ ಉಪವಾಸ ಹೋಯಿತು. ಬಯ್ಯೂಮಿಯ ಪ್ರಾಣವೆಲ್ಲ ಗಂಟಲಲ್ಲಿ ಕಾವಲು ನಿಂತಿದ್ದಾಗ ಹಾಜಿ ಬಂದ, ಕಾಗದ ಹಿಡಿದ, "ಹೋದ್ಸಲದ್ದೇ ಥರ" ಎಂದ. ಬಯ್ಯೂಮಿ ಒಂಟಿ ಕಾಲಿನಲ್ಲಿಯೇ ಸಹಿ ಹಾಕಿ, ಬಾಲ ಎಳೆದು, ಎರಡು ಚುಕ್ಕೆ ಇಟ್ಟ.

ಹಬ್ಬ ಮುಗಿದು ಐದು ವಾರದ ಮೇಲೆ ಕೋರ್ಟಿನ ಜವಾನ ಬಂದು ಆ ಮನೆಯ ಪ್ರತಿ ಬಾಗಿಲಿಗೂ ಒಂದೊಂದು ನೋಟೀಸು ಕೊಟ್ಟ. ಮೆಟ್ಟಿಲ ಕೆಳಗೂ ಒಂದು ಕೊಟ್ಟ. ಎರಡನೇ ಮಹಡಿಯ ಅಬ್ಲಾ ಇಕ್‌ರಾಮ್ ನಲವತ್ತು ವರ್ಷ ಶಾಲೆಯಲ್ಲಿ ಪಾಠ ಹೇಳಿದವರು. ಅಬ್ಲಾ ಎಂದರೆ ಟೀಚರಮ್ಮ; ನಿವೃತ್ತಿಯಾದರೂ ಆ ದನಿ ನಿವೃತ್ತಿಯಾಗಿರಲಿಲ್ಲ. ಎಲ್ಲರೂ ಮೆಟ್ಟಿಲ ಮೇಲೆ ಸೇರಿದರು. ಅಬ್ಲಾ ಕನ್ನಡಕ ಏರಿಸಿ ಬಯ್ಯೂಮಿಯ ಪ್ರತಿಯನ್ನೇ ತೆಗೆದುಕೊಂಡು ಓದಿದರು.

"ಈ ಕಟ್ಟಡ ಶಿಥಿಲವಾಗಿದ್ದು ಬೀಳುವ ಸ್ಥಿತಿಯಲ್ಲಿರುವುದರಿಂದ, ಬಾಡಿಗೆದಾರರಾದ ಬಯ್ಯೂಮಿ ಅಬ್ದುಲ್ ಮುಈನ್ ಇವರು ಕೂಡಲೇ ಜಾಗ ಖಾಲಿ ಮಾಡಬೇಕೆಂದು ಮಾಲೀಕರು ಕೋರಿದ್ದಾರೆ."

"ಹಾಳಾದೋನು!" ಎಂದ ಬಯ್ಯೂಮಿ. "ಯಾವನವನು ಮಾಲೀಕ? ಹೆಂಡ್ತಿ ಮಕ್ಳು ಇಲ್ವಾ ಅವ್ನಿಗೆ?"

ಅಬ್ಲಾ ಮುಂದಿನ ಸಾಲು ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಹೆಂಡ್ತಿ ಇದಾಳೆ," ಎಂದರು. "ಮಾಲೀಕರ ಹೆಸರು ಬಯ್ಯೂಮಿ ಅಬ್ದುಲ್ ಮುಈನ್. ಸಹಿ ಇದೆ. ಕೆಳಗೆ ಗೆರೆ, ಎರಡು ಚುಕ್ಕೆ."

ತಮಾಷೆಯಾಗಿ ಹೇಳುತ್ತಿದ್ದೇನೆ, ಆದರೆ ಆ ಗಳಿಗೆಯಲ್ಲಿ ಯಾರೂ ನಗಲಿಲ್ಲ. ಹಳೆಯ ಮಾಲೀಕರ ಮೊಮ್ಮಕ್ಕಳು ಎಲ್ಲೋ ಹೊರದೇಶದಲ್ಲಿದ್ದವರು, ಸದ್ದಿಲ್ಲದೆ ಮಾರಿದ್ದರು. ಹಾಜಿ ಹಬ್ಬದ ವಾರದ ಆ ಸಹಿಯಿಂದ ಸದ್ದಿಲ್ಲದೆ ಬಯ್ಯೂಮಿಯ ಹೆಸರಲ್ಲಿ ಕೊಂಡಿದ್ದ. ಮೆಟ್ಟಿಲ ಮೇಲಿದ್ದವರು ಒಬ್ಬೊಬ್ಬರಾಗಿ ಬಯ್ಯೂಮಿಯನ್ನು ನೋಡಿ ತಮ್ಮ ತಮ್ಮ ಮನೆಗೆ ಹೋದರು. ಒಬ್ಬರು ಮಣೆಯ ಪಕ್ಕದಲ್ಲಿದ್ದ ತಮ್ಮ ಷರಟನ್ನು ಇಸ್ತ್ರಿಯಾಗದಿದ್ದರೂ ತೆಗೆದುಕೊಂಡು ಹೋದರು. ಬಯ್ಯೂಮಿ ವದೀದಾಳ ಕಡೆ ತಿರುಗಿದ. ಆಕೆ ಏನಾದರೂ ಹೇಳಲಿ, ಪಾಶಾ ಎನ್ನಲಿ, ಹಂಗಿಸಲಿ ಎಂದು ಕಾದ. ಆಕೆ ಒಂದು ಮಾತೂ ಆಡದೆ ಅರವತ್ತೆರಡು ಮೆಟ್ಟಿಲು ಹತ್ತಿ ಹೋದಳು. ಇಪ್ಪತ್ತೊಂಬತ್ತು ವರ್ಷದ ಸಂಸಾರದಲ್ಲಿ ಆಕೆಯ ಬಾಯಿ ಕಟ್ಟಿದ್ದು ಅವತ್ತು. ಬಯ್ಯೂಮಿಗೆ ಜೈಲಿನ ಮಾತು ಕೇಳಿದಾಗಲೂ ಅಷ್ಟು ಭಯವಾಗಿರಲಿಲ್ಲ.

ಹಾಜಿಯ ಬಳಿ ಹೋಗಿ ಗೋಗರೆದ. ಹಾಜಿಗೆ ಇದರಲ್ಲಿ ಗೋಗರೆಯುವಂಥದ್ದು ಏನೂ ಕಾಣಲಿಲ್ಲ.

"ನೀನು ಎಲ್ಗೂ ಹೋಗ್ಬೇಕಾಗಿಲ್ಲಯ್ಯಾ. ಹೊಸ ಟವರ್ ಎದ್ಮೇಲೆ ಬಾಗ್ಲು ಕಾಯೋ ಕೆಲ್ಸ ನಿಂಗೇ. ರೂಮೂ ಕೊಡ್ತೀನಿ. ಮೆಟ್ಲ ಕೆಳಗೇ! ಅಭ್ಯಾಸ ಆಗಿದೆಯಲ್ಲ ನಿಂಗೆ."

"ಹಾಜಿ, ಉಳಿದವರು?"

"ಉಳಿದವರು ಉಳಿದ ಕಡೆ ಹೋಗ್ತಾರೆ. ಕೇಳಿಲ್ಲಿ. ಮಂಗಳವಾರ ಸರ್ಕಾರಿ ಕಚೇರಿಯಿಂದ ಮನೆ ನೋಡೋಕೆ ಸಮಿತಿ ಬರುತ್ತೆ. ಈಗ ಮಾಲೀಕ್ನೇ ಎದುರಿಗೆ ನಿಂತು ಹೇಳ್ಬೇಕಂತೆ, ಹೊಸ ರೂಲು. ಮನೆ ಬೀಳೋ ಹಂಗಿದೆ, ಜೀವ ಕೈಯಲ್ಲಿ ಹಿಡ್ಕೊಂಡಿದೀವಿ, ಅಷ್ಟಂದ್ರೆ ಸಾಕು. ಬೇರೆ ಏನಾದ್ರೂ ಬಾಯಿ ಬಿಟ್ಯೋ, ಶುಕ್ರಿ ಕೋರ್ಟಿಗೆ ಬರೋದು ನಿಲ್ಸ್ತಾನೆ. ಆರು ಟವರಿನ ಕೇಸು ನಿನ್ ತಲೆ ಮೇಲಿದೆ. ಆಮೇಲೆ ನೀನುಂಟು, ಜೈಲುಂಟು."

ಹಾಜಿಯ ಬೆದರಿಕೆಯಲ್ಲಿ ಸುಳ್ಳೇನೂ ಇರಲಿಲ್ಲ. ಮನೆ ಬೀಳುತ್ತದೆ ಎಂದರೆ ಮನೆ ಹೋಗುತ್ತದೆ, ಬೀಳುವುದಿಲ್ಲ ಎಂದರೆ ಬಯ್ಯೂಮಿ ಹೋಗುತ್ತಾನೆ. ಮೂರು ದಿನ ಅವನು ಬಟ್ಟೆಗೆ ಊದಿದ ನೀರು ಒಂದೇ ಸಮ ಬೀಳಲಿಲ್ಲ. ವದೀದಾ ಮುಂದೆ ಬೇಯಿಸಿದ ಅವರೆ ಇಡುತ್ತಿದ್ದಳು, ರೊಟ್ಟಿ ಇಡುತ್ತಿದ್ದಳು, ಹೋಗುತ್ತಿದ್ದಳು.

ಮಂಗಳವಾರ ಬೆಳಿಗ್ಗೆ ಅವನು ಎದ್ದು ನೋಡಿದರೆ, ಆಕೆ ತಾರಸಿಯ ಮೇಲೆ ಅವನ ಹಬ್ಬದ ಜುಬ್ಬಾವನ್ನು ಹಾಸಿಕೊಂಡು ಕೂತಿದ್ದಳು. ಜಗತ್ತಿನ ಬಟ್ಟೆಗೆಲ್ಲ ಇಸ್ತ್ರಿ ಹಾಕಿದವನ ಸ್ವಂತ ಬಟ್ಟೆ ಇಸ್ತ್ರಿ ಕಂಡದ್ದೇ ಇಲ್ಲ. ಆಕೆ ಲೋಟದಿಂದ ಬಾಯಿ ತುಂಬ ನೀರು ತುಂಬಿಕೊಂಡು, ಅವನ ಹಾಗೆಯೇ ಕೆನ್ನೆ ಉಬ್ಬಿಸಿ, ಫುರ್ ಎಂದು ಊದಿದಳು. ಅರ್ಧ ಜುಬ್ಬಾದ ಮೇಲೆ ಬಿತ್ತು, ಅರ್ಧ ಆಕೆಯ ಮಡಿಲಲ್ಲಿ. ಒದ್ದೆ ಗಲ್ಲ ಒರೆಸಿಕೊಂಡು, ಇಸ್ತ್ರಿ ಒತ್ತುತ್ತ, ತಲೆಯೆತ್ತದೆ ಹೇಳಿದಳು.

"ಸಮಿತಿ ಮುಂದೆ ಏನ್ ಹೇಳ್ತೀರೋ ನಿಮ್ಗೆ ಬಿಟ್ಟಿದ್ದು. ಜೈಲಿಗೆ ಹೋಗೋರು ನೀವು, ನಾನಲ್ಲ. ಆದ್ರೆ ಒಂದ್ಮಾತು. ಇವತ್ತೊಂದಿನ ಬಾಯಲ್ಲಿ ನೀರು ತುಂಬ್ಕೊಂಡು ನಿಲ್ಬೇಡಿ, ಪಾಶಾ."

ಪಾಶಾ ಎಂದಳಲ್ಲ, ಅವನಿಗೆ ಅಷ್ಟೇ ಸಾಕಾಯಿತು.

ಸಮಿತಿಯೆಂದರೆ ಮೂವರು, ಅವರಿಗೆ ಮುಖ್ಯಸ್ಥೆ ಇಂಜಿನಿಯರ್ ಹುವೈದಾ ಎಂಬಾಕೆ. ಆಕೆಯ ಕಾಲಿಗೆ ಧೂಳು ಹಿಡಿದ ಬೂಟು, ಕೈಯಲ್ಲಿ ರಟ್ಟಿನ ಫೈಲು. ಹಗಲು ಹನ್ನೊಂದಕ್ಕೆ ಬಂದರು. ಮನೆಯವರೆಲ್ಲ ಮೆಟ್ಟಿಲ ಮೇಲೆ, ವಕೀಲ ಶುಕ್ರಿ ಬಯ್ಯೂಮಿಯ ಭುಜಕ್ಕೆ ಭುಜ ತಾಗಿಸಿಕೊಂಡು. ಹಾಜಿ ಮಾತ್ರ ಬೀದಿಯಲ್ಲಿ ಕಾರಿನ ಗಾಜು ಏರಿಸಿಕೊಂಡು ಕೂತಿದ್ದ. ಕಾಗದದ ಪ್ರಕಾರ ಅವನು ಇಲ್ಲಿಗೆ ಯಾರೂ ಅಲ್ಲವಲ್ಲ.

"ಮಾಲೀಕರು ಯಾರು?" ಎಂದಳು ಹುವೈದಾ.

"ನಾನು," ಎಂದ ಬಯ್ಯೂಮಿ.

"ಮನೆ ಬೀಳೋ ಸ್ಥಿತೀಲಿದೆ ಅಂತ ಅರ್ಜಿ ಕೊಟ್ಟಿದೀರಿ. ನಿಜಾನಾ?"

ಶುಕ್ರಿ ಮೊಣಕೈಯಿಂದ ಮೆಲ್ಲಗೆ ತಿವಿದ. ಬಯ್ಯೂಮಿ ಮಾತಾಡಿ ಅಭ್ಯಾಸವಿಲ್ಲದವನು; ಏನು ಹೇಳಬೇಕೆಂದು ತೋಚದೆ ತನಗೆ ಗೊತ್ತಿದ್ದ ಒಂದೇ ಕೆಲಸಕ್ಕೆ ಕೈಹಾಕಿದ. ಮಣೆಯ ಮೇಲೆ ಅಬ್ಲಾ ಇಕ್‌ರಾಮ್ ಅವರ ಕಿಟಕಿ ಪರದೆ ಹಾಸಿತ್ತು. ಎಡಗಾಲಿನ ಮೇಲೆ ನಿಂತ, ಬಲಗಾಲನ್ನು ಕಾದ ಇಸ್ತ್ರಿಯ ಮೇಲಿಟ್ಟ, ಹಿಡಿ ಹಿಡಿದು ನೂಕತೊಡಗಿದ.

"ಅಮ್ಮಾ, ಮೂವತ್ತೊಂದು ವರ್ಷದಿಂದ ಇದೇ ಜಾಗ, ಇದೇ ಕಾಲು," ಎಂದ. "ನನ್ ಕಾಲ್ನೋಡಿ. ನೆಲ ಒಂದು ಅಕ್ಕಿಕಾಳಷ್ಟು ವಾಲಿದ್ರೂ ಮನೆಗಿಂತ ಮುಂಚೆ ನಾನು ಬೀಳ್ಬೇಕಿತ್ತು. ಬಿದ್ದಿಲ್ಲ. ನಮ್ಮಪ್ಪಾನೂ ಇಲ್ಲೇ ನಿಂತಿದ್ದ, ಅವ್ನೂ ಬಿದ್ದಿಲ್ಲ. ಮೇಲೆ ಸೋರುತ್ತೆ, ಸುಳ್ಳು ಹೇಳಲ್ಲ. ಸಿಂಹದ ಮೂಗೂ ಹೋಗಿದೆ. ಆದ್ರೆ ಬೀಳಲ್ಲ."

"ಮತ್ತೆ ಅರ್ಜಿ?"

"ಅರ್ಜಿ ತಪ್ಪು ಮನೇದು ಬರ್ದಿದಾರೆ. ಬೀಳೋ ಮನೆ ನನ್ನ ಹತ್ರ ಬೇರೆ ಇದೆ." ಶುಕ್ರಿ ಅವನ ತೋಳು ಹಿಡಿದ, ಬಯ್ಯೂಮಿ ಕಾಲು ನಿಲ್ಲಿಸಲಿಲ್ಲ. "ನನ್ನ ಮೂರನೇ ಟವರಲ್ಲಿ ಎಂಟನೇ ಮಹಡಿ ಗೋಡೇಲಿ ಕೈ ತೂರುತ್ತೆ. ಹನ್ನೆರಡನೇದ್ರಲ್ಲಿ ಚಪ್ಪಲಿ ಹಾಕೋಕೆ ಒಂಟಿ ಕಾಲಲ್ಲಿ ನಿಂತೆ, ದಬಕ್ಕಂತ ಗೋಡೆಗೆ ಬಿದ್ದೆ. ಮೂವತ್ತೊಂದು ವರ್ಷ ಒಂಟಿ ಕಾಲಲ್ಲಿ ನಿಂತೋನು ನಾನು! ಅಲ್ಲಿ ಅರವತ್ತು ಸಂಸಾರ ಇದೆ ಅಮ್ಮಾ. ಕಿತ್ತಳೆ ನಿಲ್ಲೋದಿಲ್ಲ ಅಲ್ಲಿ. ಮೊದ್ಲು ಅದನ್ನ ಹೋಗಿ ನೋಡಿ."

ಹುವೈದಾ ಫೈಲು ಮುಚ್ಚಿ ಅವನನ್ನು ನೋಡಿದಳು. ದನಿ ತಗ್ಗಿಸಿದಳು. "ಚಿಕ್ಕಪ್ಪಾ, ಏನ್ ಹೇಳ್ತಿದೀರ ಗೊತ್ತಾ? ಮಾಲೀಕ ಅಂತ ನೀವೇ ನಿಮ್ಮ ಮೇಲೆ ದೂರು ಕೊಡ್ತಿದೀರ. ನಾನು ಬರ್ಕೊಂಡ್ರೆ ಒಳಗೆ ಹೋಗೋರು ನೀವು."

"ಬರ್ಕೊಳ್ಳಿ ತಾಯಿ. ಸಹಿ ಹಾಕಿದೋನು ನಾನೇ ತಾನೆ? ಕೈ ಯಾರೂ ಹಿಡ್ದಿರ್ಲಿಲ್ಲ."

ಆಕೆ ಬರೆದು ಕಾಗದ ಮುಂದೆ ಹಿಡಿದಳು. ಬಯ್ಯೂಮಿ ಇಸ್ತ್ರಿಯಿಂದ ಕಾಲು ತೆಗೆದ. ಕನ್ನಡಕ ಹುಡುಕಿ, ಜುಬ್ಬಾದ ಅಂಚಿನಿಂದ ಹಬೆ ಒರೆಸಿ, ಹಾಕಿಕೊಂಡು ಓದಲು ಕೂತ. ಒಂದೊಂದೇ ಅಕ್ಷರ, ತುಟಿ ಅಲುಗಿಸುತ್ತ, ಎರಡು ಪುಟ. ಸರ್ಕಾರದ ಮೂವರು, ಒಬ್ಬ ವಕೀಲ, ನಾಲ್ಕು ಮಹಡಿಯ ಜನ ಅರ್ಧ ತಾಸು ಕಾದರು. ನಡುವೆ ಎರಡು ಕಡೆ ನಿಲ್ಲಿಸಿ, ಈ ಪದ ಏನಮ್ಮಾ ಎಂದು ಅಬ್ಲಾರನ್ನು ಕೇಳಿದ. ಕೊನೆಗೆ ಸಹಿ ಹಾಕಿದ. ಈ ಸಲ ಬಾಲ ಸೊಟ್ಟಗಾಯಿತು.

ಶುಕ್ರಿ ಕಾರಿನ ಕಡೆ ಓಡಿದ. ಗಾಜು ಇಳಿಯಿತು, ಮತ್ತೆ ಏರಿತು. ಪಾಪ, ಹಾಜಿ ಏನು ಮಾಡಬಲ್ಲ? ಮನೆ ನನ್ನದು ಎಂದು ಒಳಗೆ ಬಂದರೆ, ಹಾಗಾದರೆ ಆ ಆರೂ ನಿನ್ನವೇ ಎಂದಾಗುತ್ತದೆ. ಬಡವನ ಹೆಸರಿನ ಹಿಂದೆ ಅಷ್ಟು ಜಾಣತನದಿಂದ ಅಡಗಿದ್ದವನಿಗೆ ಹೊರಬರಲು ದಾರಿಯೇ ಉಳಿದಿರಲಿಲ್ಲ. ಕಾರು ಹೊರಟುಹೋಯಿತು. ಮುಂದಿನ ಕೋರ್ಟಿನ ದಿನ ಬಯ್ಯೂಮಿಯ ಪಕ್ಕದಲ್ಲಿ ಶುಕ್ರಿ ನಿಲ್ಲಲಿಲ್ಲ.

ಐದು ತಿಂಗಳು ಜೈಲಾಯಿತು. ಜೈಲಿನಲ್ಲಿ ಬಯ್ಯೂಮಿಯ ಕಸುಬು ಗೊತ್ತಾಗಲು ಎರಡು ದಿನ ಸಾಕಾಯಿತು. ಅಧಿಕಾರಿಗಳ ಸಮವಸ್ತ್ರಗಳು ಆ ವರ್ಷ ಇದ್ದಷ್ಟು ಗರಿಗರಿಯಾಗಿ ಯಾವತ್ತೂ ಇರಲಿಲ್ಲವಂತೆ. ಇತ್ತ ಹಳೆಯ ಮನೆ ಬೀಳುವುದಿಲ್ಲ ಎಂದು ಬರೆದು ಅರ್ಜಿ ತಳ್ಳಿಹಾಕಿದರು, ಮೂರನೆಯ ಟವರನ್ನು ಅಳತೆ ಮಾಡಿ ಖಾಲಿ ಮಾಡಿಸಿದರು. ಹನ್ನೆರಡನೇ ಮಹಡಿಯ ಹೆಂಗಸು ಜಗಳಕ್ಕೆಂದೇ ಬಂದು, ವದೀದಾಳ ಎದುರು ಕೂತು ಒಂದು ತಾಸು ಬೈದು, ಎರಡು ಲೋಟ ಚಹಾ ಕುಡಿದು, ಅತ್ತು, ತಂಗಿಯ ಮನೆಗೆ ಹೋಗುವಾಗ ಬಕೆಟನ್ನು ಇಲ್ಲಿಯೇ ಮರೆತು ಹೋದಳು. ಅಂಗಡಿಯನ್ನು ವದೀದಾ ನಡೆಸಿದಳು. ಕಾಲಿಸ್ತ್ರಿ ಒಗ್ಗಲಿಲ್ಲ, ನೀರು ಊದುವುದು ಒಗ್ಗಿತು.

ಡಿಸೆಂಬರಿನಲ್ಲಿ ನಮ್ಮ ಕಡಲಿನ ಕಾಸಿಮ್ ಬಿರುಗಾಳಿ ಮೂರು ದಿನ ಬಡಿದು ಹೋದ ಮರುದಿನ ಬಯ್ಯೂಮಿಯನ್ನು ಬಿಟ್ಟರು. ಟ್ರಾಮ್ ಇಳಿದು, ನೀರು ನಿಂತ ಬೀದಿಯಲ್ಲಿ ಜುಬ್ಬಾ ಎತ್ತಿ ಹಿಡಿದು ನಡೆದ. ನೋಟೀಸು ಬಂದ ದಿನ ಮೆಟ್ಟಿಲ ಮೇಲೆ ಎಲ್ಲರೂ ನೋಡಿದ ನೋಟ ಅವನಿಗೆ ಮರೆತಿರಲಿಲ್ಲ. ಮೂಗಿಲ್ಲದ ಸಿಂಹದ ಕೆಳಗೆ ಬಂದು ನಿಂತ. ಮೆಟ್ಟಿಲ ಮೇಲೆ ಮನೆಯವರೆಲ್ಲ ಇದ್ದರು. ಯಾರೂ ನಗಲಿಲ್ಲ, ಯಾರೂ ಬಾ ಎನ್ನಲಿಲ್ಲ. ಅಬ್ಲಾ ಇಕ್‌ರಾಮ್ ಸೊಂಟದ ಮೇಲೆ ಕೈಯಿಟ್ಟು ಒಂದು ಮೆಟ್ಟಿಲು ಇಳಿದರು.

"ಬಂದ್ಯಾ? ಎರಡನೇ ಮಹಡೀಲಿ ಮೂರು ಕಡೆ ಸೋರ್ತಾ ಇದೆ. ನನ್ನ ಹಾಸಿಗೆ ನೆಂದು ತೊಪ್ಪೆ ಆಗಿದೆ. ಈ ಮನೇಗೆ ಮಾಲೀಕ ಅಂತ ಒಬ್ಬ ಇದಾನೋ ಇಲ್ವೋ?"

"ನಮ್ಮಡಿಗೆಮನೆ ಗೋಡೆ ನೋಡ್ಬಾ ಹೋಗು!" ಎಂದರು ಇನ್ನೊಬ್ಬರು. ಇಸ್ತ್ರಿಯಾಗದ ಷರಟು ತೆಗೆದುಕೊಂಡು ಹೋದವರು, "ಐದು ತಿಂಗಳು ಎಲ್ಲಿ ಹಾಳಾಗಿ ಹೋಗಿದ್ರಿ ನೀವು? ಪೈಪ್ ಒಡೆದಿದೆ," ಎಂದು ಮೇಲಿನಿಂದ ಕೂಗಿದರು. ಮೂರು, ನಾಲ್ಕನೇ ಮಹಡಿಯಿಂದಲೂ ಬೈಗುಳ ಇಳಿದು ಬಂತು. ಒಂದೇ ಸಲಕ್ಕೆ ಎಲ್ಲರೂ ಬೈಯತೊಡಗಿದರು.

ಬಯ್ಯೂಮಿಯ ಕಣ್ಣು ತುಂಬಿ ಬಂತು. ಲಿಫ್ಟಿನ ಪಂಜರದ ಪಕ್ಕದಿಂದ ವದೀದಾ ಬಂದು, ಟವರಿನ ಹೆಂಗಸಿನ ಆ ಬಕೆಟನ್ನು ಅವನ ಕೈಗೆ ಕೊಟ್ಟಳು.

"ಹೋಗ್ರೀ ಮೇಲೆ," ಎಂದಳು. "ಬೈತಾ ಇದಾರೆ, ಕೇಳಿಸ್ತಿಲ್ವಾ?"

ಬಯ್ಯೂಮಿಯವರು ಬಕೆಟು ಹಿಡಿದು ಮಹಡಿ ಹತ್ತಿದರು.